ಆಯ್ತು ಸಾರ್

ಮದುವೆಮನೆಯಲ್ಲಿ ಯಾರಾದರೂ 'ಏನು ಕೆಲಸ ಮಾಡ್ಕೊಂಡಿದೀಯಪ್ಪಾ?' ಅಂತ ಕೇಳಿದರೆ ನನಗಿಂತ ಮೊದಲೇ ನಮ್ಮ ಚಿಕ್ಕಪ್ಪ ಉತ್ತರ ಕೊಡ್ತಾರೆ: 'ಇವನು ಫ್ಯಾಕ್ಟರಿಗಳಿಗೆ ಪ್ಯಾಕರ್ಸ್ ಅಂಡ್ ಮೂವರ್ಸ್.' ಎಲ್ಲರೂ ನಗ್ತಾರೆ. ನಾನೂ ನಗ್ತೀನಿ, ಯಾಕೆಂದರೆ ಅದಕ್ಕಿಂತ ಚೆನ್ನಾಗಿ ವಿವರಿಸೋಕೆ ನನಗೂ ಬರೋದಿಲ್ಲ. ಬೆಂಗಳೂರಿನ ಒಳಗಿದ್ದ ಕಾರ್ಖಾನೆಗಳು ಜಾಗದ ಬೆಲೆ ಏರಿದ ಹಾಗೆಲ್ಲ ನೆಲಮಂಗಲ, ದೊಡ್ಡಬಳ್ಳಾಪುರ, ತುಮಕೂರು ಅಂತ ಹೊರಗೆ ಹೋಗುತ್ತಿವೆ. ಅವುಗಳ ಜೊತೆ ಅವುಗಳ ಪ್ರೆಸ್ಸು, ಲೇತು, ಫರ್ನೇಸುಗಳೂ ಹೋಗಬೇಕು. ಅವನ್ನು ಹೇಗೆ ಬಿಚ್ಚಬೇಕು, ಎಲ್ಲಿ ಹಿಡಿದು ಎತ್ತಬೇಕು, ಯಾವ ದಾರಿಯಲ್ಲಿ ಹೊರತರಬೇಕು ಅಂತ ಬರೆಯುವವನು ನಾನು. ಎತ್ತುವವನಲ್ಲ, ಬರೆಯುವವನು.

ಈ ಬರವಣಿಗೆಗೆ ನಮ್ಮಲ್ಲಿ ಕನ್‌ಸ್ಟ್ರಕ್ಟಬಿಲಿಟಿ ಅಂತ ಒಂದು ಗಂಟಲಿಗೆ ಸಿಕ್ಕಿಕೊಳ್ಳುವ ಪದ ಇದೆ. ಅರ್ಥ ಮಾತ್ರ ಸರಳ. ಕಾಗದದ ಮೇಲೆ ಗೆರೆ ಎಳೆಯುವಾಗಲೇ, ಇದನ್ನು ನೆಲದ ಮೇಲೆ ಮಾಡುವವನು ಹೇಗೆ ಮಾಡ್ತಾನೆ ಅಂತ ಯೋಚಿಸೋದು. ಜಾಕ್ ಇಡೋಕೆ ಜಾಗ ಇದೆಯಾ, ಬೋಲ್ಟ್ ಬಿಚ್ಚೋಕೆ ಕೈ ಹೋಗುತ್ತಾ, ಕ್ರೇನಿನ ಬೂಮ್ ಛಾವಣಿಗೆ ತಾಗುತ್ತಾ, ಅರ್ಧದಲ್ಲಿ ನಿಲ್ಲಿಸಬೇಕಾಗಿ ಬಂದರೆ ಎಲ್ಲಿ ನಿಲ್ಲಿಸಬಹುದು. ಇದಕ್ಕಾಗಿ ಕೆಲಸ ಮಾಡುವವರನ್ನು ಶುರುವಿನಲ್ಲೇ ಜೊತೆಗೆ ಕೂರಿಸಿಕೊಳ್ಳಿ ಅಂತ ಪುಸ್ತಕಗಳು ಹೇಳುತ್ತವೆ. ನಾವು ಪ್ಲಾನ್ ಪಾಸಾದ ಮೇಲೆ, ಸಹಿ ಹಾಕಿಸಿಕೊಳ್ಳೋಕೆ ಕೂರಿಸಿಕೊಳ್ತೀವಿ.

ಐದಾರು ವರ್ಷದ ಹಿಂದೆ ನಡೆದ ಒಂದು ಕೆಲಸದ ಬಗ್ಗೆ ಹೇಳಬೇಕು. ಒಂದು ಹಳೇ ಶೆಡ್ಡಿನಿಂದ 400 ಟನ್ನಿನ ಪ್ರೆಸ್ ಹೊರತರಬೇಕಿತ್ತು. 400 ಟನ್ ಅನ್ನೋದು ಅದು ಒತ್ತುವ ಬಲ, ಅದರ ತೂಕ ಅಲ್ಲ. ತೂಕ 42 ಟನ್. ಹಾಗಂತ ಸಮಾಧಾನ ಮಾಡಿಕೊಳ್ಳುವ ಹಾಗೇನೂ ಇಲ್ಲ. ಪ್ರೆಸ್ಸಿನ ಭಾರವೆಲ್ಲ ತಲೆಯಲ್ಲಿರುತ್ತೆ: ಮೋಟಾರು, ಫ್ಲೈವೀಲು, ಗೇರು. ತಲೆಯ ಮೇಲೆ ಕೊಡ ಹೊತ್ತು ಕೆಸರಲ್ಲಿ ನಡೆಯುವ ಹೆಂಗಸಿನ ಹಾಗೆ, ಕಾಲು ಸ್ವಲ್ಪ ಜಾರಿದರೂ ಮೇಲಿನದು ದೊಡ್ಡದಾಗಿ ವಾಲುತ್ತೆ.

ಕ್ರೇನ್ ಒಳಗೆ ಬರುವ ಹಾಗಿರಲಿಲ್ಲ. ಜಾಕ್ ಕೊಟ್ಟು ಎತ್ತಿ, ನಾಲ್ಕು ಮೂಲೆಗೆ ಚಕ್ರದ ಸ್ಕೇಟ್ ಇಟ್ಟು, ನಿಧಾನಕ್ಕೆ ಎಳೆದು ಬಾಗಿಲವರೆಗೆ ತರೋದು ನನ್ನ ಪ್ಲಾನ್. 42 ಟನ್ನನ್ನು ನಾಲ್ಕರಿಂದ ಭಾಗಿಸಿದರೆ ಒಂದು ಸ್ಕೇಟಿಗೆ ಹತ್ತೂವರೆ ಟನ್. ಕಾಲೇಜಿನ ಹುಡುಗ ಇಷ್ಟಕ್ಕೆ ನಿಲ್ಲಿಸ್ತಾನೆ. ಆದರೆ ಟೀ ಅಂಗಡಿಯ ಸ್ಟೂಲ್ ಮೇಲೆ ಕೂತವರಿಗೆಲ್ಲ ಗೊತ್ತು, ನೆಲ ಸಮ ಇಲ್ಲದಿದ್ದರೆ ನಾಲ್ಕು ಕಾಲಿನ ಸ್ಟೂಲು ಮೂರೇ ಕಾಲಿನ ಮೇಲೆ ನಿಲ್ಲುತ್ತೆ. ಹಾಗಾಗಿ ಮೂರೇ ಸ್ಕೇಟ್ ಭಾರ ಹೊರುತ್ತವೆ ಅಂತಿಟ್ಟುಕೊಂಡು, ಒಂದಕ್ಕೆ 14 ಟನ್ ಅಂತ ಲೆಕ್ಕ ಹಾಕಿದ್ದೆ. ನೆಲದ ಡ್ರಾಯಿಂಗ್ ತರಿಸಿಕೊಂಡು ಕಾಂಕ್ರೀಟಿನ ದಪ್ಪ ನೋಡಿದ್ದೆ. ಪ್ರೆಸ್ಸಿನಿಂದ ಬಾಗಿಲಿಗೆ ನೇರವಾಗಿ ಒಂದು ಕೆಂಪು ಬಾಣ ಎಳೆದಿದ್ದೆ. ಚೆಂದದ ಪ್ಲಾನ್. ಈಗಲೂ ಅದರಲ್ಲಿ ಒಂದು ತಪ್ಪು ಅಂಕಿ ತೋರಿಸೋಕೆ ಆಗಲ್ಲ.

ಎತ್ತುವ ತಂಡದ ಮೇಸ್ತ್ರಿ ಕೆ.ಜಿ.ಎಫ್. ಕಡೆಯವರು. 2001ರಲ್ಲಿ ಚಿನ್ನದ ಗಣಿ ಮುಚ್ಚುವವರೆಗೂ ಸುರಂಗದ ಒಳಗೆ ದುಡಿದವರು, ಆಮೇಲೆ ಬೆಂಗಳೂರಿಗೆ ಬಂದು ಈ ಕೆಲಸ ಹಿಡಿದವರು. ಹುಡುಗರನ್ನು ಬೈಯೋದು ತಮಿಳಲ್ಲಿ, ನನ್ನ ಹತ್ತಿರ ಮಾತಾಡೋದು ಕನ್ನಡದಲ್ಲಿ. ಕೆಲಸದ ಹಿಂದಿನ ದಿನ ಅವರು ಒಂದು ಹಾರೆ ಹಿಡಿದುಕೊಂಡು ನನ್ನ ಕೆಂಪು ಬಾಣದ ದಾರಿಯುದ್ದಕ್ಕೂ ನೆಲ ಕುಟ್ಟುತ್ತಾ ಬಂದರು. ಗಣಿಯಲ್ಲಿ ತಲೆಯ ಮೇಲಿನ ಬಂಡೆಯನ್ನು ಹೀಗೇ ಕುಟ್ಟಿ ನೋಡ್ತಾರೆ. ಗಟ್ಟಿ ಬಂಡೆ ಖಣ್ ಅನ್ನುತ್ತೆ, ಬಿಟ್ಟುಕೊಂಡ ಬಂಡೆ ಡೋಲಿನ ಹಾಗೆ ದಬ್ ಅನ್ನುತ್ತೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿಯಲ್ಲಿ ಆ ಸದ್ದು ಗೊತ್ತಾಗದವರು ಬದುಕಿ ಮೇಲೆ ಬರುತ್ತಿರಲಿಲ್ಲ.

ಬಾಗಿಲಿಗೆ ಇಪ್ಪತ್ತಡಿ ಇರುವಾಗ ನಿಂತರು. 'ಸಾರ್, ಈ ಕಡೆ ಬೇಡ.'

ಡ್ರಾಯಿಂಗ್ ತೋರಿಸಿದೆ. ಪೂರ್ತಿ ಒಂದೇ ದಪ್ಪದ ಕಾಂಕ್ರೀಟು, ಎಲ್ಲೂ ಗುಂಡಿ ಇಲ್ಲ. ಪಕ್ಕದಲ್ಲಿ ಕಾರ್ಖಾನೆಯ ಮ್ಯಾನೇಜರ್ ಗಡಿಯಾರ ನೋಡ್ತಾ ನಿಂತಿದ್ದರು. ದಾರಿ ಬದಲಾಯಿಸಬೇಕೆಂದರೆ ಲೆಕ್ಕ ಮತ್ತೆ ಹಾಕಬೇಕು, ಮತ್ತೆ ಪಾಸು ಮಾಡಿಸಬೇಕು, ಎರಡು ದಿನ ಹೋಗುತ್ತೆ. 'ಯಾಕೆ ಬೇಡ?' ಅಂತ ಕೇಳಿದೆ. ಕೇಳಿದ ಧಾಟಿ ಹೇಗಿತ್ತು ಅಂತ ನನಗೆ ನೆನಪಿದೆ. ಉತ್ತರ ಬೇಕಾದವನು ಕೇಳುವ ಧಾಟಿ ಅದಲ್ಲ.

'ಸದ್ದು ಸರಿ ಇಲ್ಲ ಸಾರ್.'

'ಡ್ರಾಯಿಂಗಲ್ಲಿ ಏನೂ ಇಲ್ವಲ್ಲ ಮೇಸ್ತ್ರಿ.'

ಅವರು ಒಂದು ಗಳಿಗೆ ನನ್ನ ಕೈಯಲ್ಲಿದ್ದ ಕಾಗದ ನೋಡಿದರು. ಆಮೇಲೆ ಹೇಳಿದರು: 'ಆಯ್ತು ಸಾರ್.'

ಮಾರನೇ ರಾತ್ರಿ ಕೆಲಸ ಶುರುವಾಯಿತು. ಮಗಳಿಗೆ ಜ್ವರ ಇತ್ತು ಅಂತ ನಾನು ಹನ್ನೊಂದಕ್ಕೆ ಮನೆಗೆ ಹೊರಟೆ. ಜ್ವರ ನಿಜವೇ, ಆದರೆ ಜ್ವರ ಇಲ್ಲದಿದ್ದರೂ ಹೊರಡ್ತಿದ್ದೆ. ಬೆಳಿಗ್ಗೆ ಬಂದಾಗ ಪ್ರೆಸ್ಸು ಟ್ರೇಲರ್ ಮೇಲೆ ಸರಪಳಿ ಬಿಗಿಸಿಕೊಂಡು ಕೂತಿತ್ತು. ಅಂದುಕೊಂಡದ್ದಕ್ಕಿಂತ ಮೂರು ಗಂಟೆ ಹೆಚ್ಚು ಹಿಡಿದಿತ್ತು, ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. 'ಯೋಜನೆಯಂತೆ ಪೂರ್ಣಗೊಂಡಿದೆ' ಅಂತ ರಿಪೋರ್ಟಿಗೆ ಸಹಿ ಹಾಕಿದೆ. ನಮ್ಮ ಆಫೀಸಿನಲ್ಲಿ ಆ ಪ್ಲಾನನ್ನು ಹೊಸಬರಿಗೆ ಮಾದರಿ ಅಂತ ಕೊಡೋಕೆ ಶುರು ಮಾಡಿದರು.

ಎರಡು ತಿಂಗಳಾದ ಮೇಲೆ ಮೇಸ್ತ್ರಿ ಫೋನು ಬಂತು. ಅವರು ನನಗೆ ಫೋನ್ ಮಾಡಿದ್ದು ಅದೇ ಮೊದಲು.

'ಸಾರ್, ಆ ಶೆಡ್ಡಲ್ಲಿ ಇನ್ನೂ ಎರಡು ಪ್ರೆಸ್ ಇತ್ತಲ್ಲ, ಅದನ್ನ ಬೇರೆ ಪಾರ್ಟಿ ಎತ್ತುತ್ತಾರಂತೆ. ನಿಮ್ಮ ಪೇಪರ್ ಕೊಟ್ಟಿದಾರಂತೆ ಅವರಿಗೆ. ಬಾಣದ ದಾರೀಲಿ ಹೋಗ್ಬೇಡಿ ಅಂತ ಒಂದು ಮಾತು ಹೇಳ್ಬಿಡಿ ಸಾರ್.'

'ನೀವು ಅದೇ ದಾರೀಲಿ ತಂದ್ರಲ್ಲ?'

'ಇಲ್ಲ ಸಾರ್. ಗೋಡೆ ಪಕ್ಕ ತಂದ್ವಿ. ಕಬ್ಬಿಣದ ಪ್ಲೇಟ್ ಹಾಸ್ಕೊಂಡು.'

'ಮತ್ತೆ ನನಗ್ಯಾಕೆ ಹೇಳಲಿಲ್ಲ?'

'ಹೇಳಿದ್ನಲ್ಲ ಸಾರ್.'

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರೇ ಅಂದರು: 'ನನ್ನ ಹೆಸರು ಮಾತ್ರ ಬೇಡ ಸಾರ್. ಪ್ಲಾನ್ ಮೀರಿದ್ದಾನೆ ಅಂತ ಕಂಟ್ರಾಕ್ಟರ್ ತೆಗೆದುಹಾಕ್ತಾರೆ.'

ಅವತ್ತೇ ಕಾರ್ಖಾನೆಗೆ ತಿಳಿಸಿದೆ. ಅವರು ಆ ಜಾಗದಲ್ಲಿ ನೆಲ ಒಡೆದು ನೋಡಿದರು. ಒಂದು ಕಾಲದಲ್ಲಿ ಕಾದ ಕಬ್ಬಿಣ ಅದ್ದೋಕೆ ಇಟ್ಟಿದ್ದ ಎಣ್ಣೆಯ ಗುಂಡಿ. ಬೂದಿ, ಇಟ್ಟಿಗೆ ಚೂರು ತುಂಬಿ, ಮೇಲೆ ಅಂಗೈ ದಪ್ಪದ ಕಾಂಕ್ರೀಟು ಎಳೆದು ಮುಚ್ಚಿದ್ದರು. ಯಾವ ಡ್ರಾಯಿಂಗಿನಲ್ಲೂ ಇಲ್ಲ. 14 ಟನ್ ಹೊತ್ತ ಸ್ಕೇಟ್ ಅದರ ಮೇಲೆ ಬಂದಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕೋಕೆ ಇಂಜಿನಿಯರೇ ಬೇಕಿಲ್ಲ. ಎಳೆಯುವಾಗ ಎರಡೂ ಪಕ್ಕದಲ್ಲಿ ಬೆಣೆ ಹಿಡಿದುಕೊಂಡು ಮೂರು ಮೂರು ಹುಡುಗರು ನಡೆಯುತ್ತಿರುತ್ತಾರೆ.

ನೈತಿಕ ಅದೃಷ್ಟ ಅನ್ನುವ ಒಂದು ಚರ್ಚೆ ತತ್ತ್ವಶಾಸ್ತ್ರದಲ್ಲಿದೆ. ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 1976ರಲ್ಲಿ ಎತ್ತಿದ ಪ್ರಶ್ನೆ. ಇಬ್ಬರು ಡ್ರೈವರುಗಳು ಬ್ರೇಕ್ ನೋಡಿಸದೆ ಗಾಡಿ ಓಡಿಸುತ್ತಾರೆ ಅಂತಿಟ್ಟುಕೊಳ್ಳಿ. ಒಬ್ಬನ ಗಾಡಿಗೆ ಮಗು ಅಡ್ಡ ಬರುತ್ತೆ, ಇನ್ನೊಬ್ಬನಿಗೆ ಯಾರೂ ಅಡ್ಡ ಬರಲ್ಲ. ಇಬ್ಬರ ಉಡಾಫೆಯೂ ಒಂದೇ. ಆದರೆ ಒಬ್ಬನನ್ನು ಕೊಲೆಗಾರ ಅಂತೀವಿ, ಇನ್ನೊಬ್ಬ ಮನೆಗೆ ಹೋಗಿ ಊಟ ಮಾಡಿ ಮಲಗ್ತಾನೆ. ಇದು ನ್ಯಾಯವಾ? ಓದಿದಾಗ ಮೊದಲು ಅನ್ನಿಸಿದ್ದು, ನಾನು ಆ ಎರಡನೇ ಡ್ರೈವರು ಅಂತ. ಬಚಾವಾದವನು.

ಆದರೆ ಹೋಲಿಕೆ ಪೂರ್ತಿ ಕೂಡಿಬರಲಿಲ್ಲ. ಎರಡನೇ ಡ್ರೈವರಿನ ದಾರಿ ಸುಮ್ಮನೆ ಖಾಲಿ ಇತ್ತು. ನನ್ನ ದಾರಿಯಲ್ಲಿ ಒಬ್ಬ ಮನುಷ್ಯ ನಿಂತು ಗಾಡಿಯನ್ನು ಪಕ್ಕಕ್ಕೆ ತಿರುಗಿಸಿದ್ದ. ಬೆಳಿಗ್ಗೆ ಬಂದು 'ದೇವರು ದೊಡ್ಡವನು, ಏನೂ ತೊಂದರೆ ಆಗಲಿಲ್ಲ' ಅಂತ ನಾನು ಕೈಮುಗಿದಿದ್ದೆನಲ್ಲ, ಆ ತೊಂದರೆ ಆಗದ ಹಾಗೆ ಮೂರು ಗಂಟೆ ಹೆಚ್ಚು ಬೆವರು ಸುರಿಸಿ, ಎಲ್ಲಿಂದಲೋ ಪ್ಲೇಟು ಹೊತ್ತು ತಂದು ಹಾಸಿದವರು ಪಕ್ಕದಲ್ಲೇ ಬೀಡಿ ಸೇದುತ್ತಾ ಕೂತಿದ್ದರು. ಅದೂ ಅಲ್ಲದೆ ಗೋಡೆ ಪಕ್ಕದ ದಾರಿಯಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿದ್ದರೆ? ಆಗ ನನ್ನ ಪ್ಲಾನೇ ಅವರ ವಿರುದ್ಧ ಸಾಕ್ಷಿ. ಬಾಣದ ದಾರಿ ಬಿಟ್ಟು ಹೋದ ಮೇಸ್ತ್ರಿಯದೇ ತಪ್ಪು. ಸರಿ ಮಾಡಿದರೆ ಹೆಸರು ನನಗೆ, ತಪ್ಪಾದರೆ ಹೊಣೆ ಅವರಿಗೆ. ಇದನ್ನು ತಿಳಿದೇ ಅವರು 'ಆಯ್ತು ಸಾರ್' ಅಂದಿದ್ದರು. ಒಪ್ಪಿಗೆ ಅಂತ ನಾನು ಕೇಳಿಸಿಕೊಂಡದ್ದು 'ನಿನಗೆ ಹೇಳಿ ಉಪಯೋಗವಿಲ್ಲ, ನಾನು ನೋಡಿಕೊಳ್ತೀನಿ' ಅನ್ನುವ ಮಾತಾಗಿತ್ತು.

ಗೆಳೆಯನೊಬ್ಬನ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವನೂ ಇದೇ ಲೈನಿನವನು. 'ಎಲ್ಲ ಸೈಟಲ್ಲೂ ಹೀಗೇ ಕಣೋ, ನಾವು ಬರೀತೀವಿ, ಅವರು ಮಾಡ್ತಾರೆ. ಕೆಲಸ ಆಯ್ತಲ್ಲ, ಬಿಡು' ಅಂದ. ಕೆಲಸವೇನೋ ಆಯಿತು. ಆದರೆ ಕಾಗದ ಉಳಿಯಿತು, ಕಷ್ಟ ಇರೋದು ಅಲ್ಲಿ. ಕಟ್ಟಡ ಕಟ್ಟುವವರಲ್ಲಿ ಒಂದು ಒಳ್ಳೇ ಪದ್ಧತಿ ಇದೆ: ಕಟ್ಟಿ ಮುಗಿದ ಮೇಲೆ, ಮೊದಲು ಬರೆದದ್ದನ್ನು ಬಿಟ್ಟು ನಿಜವಾಗಿ ಏನು ಕಟ್ಟಿದರೋ ಅದರ ನಕ್ಷೆ ಬರೆಯುತ್ತಾರೆ. ಆಸ್-ಬಿಲ್ಟ್ ಅಂತಾರೆ. ಮೆಷಿನ್ ಸಾಗಿಸುವವರಲ್ಲಿ ಅದನ್ನು ಕೇಳುವವರು ಕಡಿಮೆ, ಯಾಕೆಂದರೆ ಕಟ್ಟಿದ್ದು ಏನೂ ಉಳಿಯಲ್ಲ. ಬೆಳಿಗ್ಗೆ ಹೊತ್ತಿಗೆ ಪ್ಲೇಟು, ಸ್ಲೀಪರು, ಬೆಣೆ ಎಲ್ಲ ಲಾರಿ ಹತ್ತಿರುತ್ತೆ.

ಇದು ಹೊಸದೇನಲ್ಲ. ಕಾರ್ಕಳದ ಗೊಮ್ಮಟನನ್ನು ಬೇರೆ ಕಡೆ ಕೆತ್ತಿ, ಬಂಡಿಯ ಮೇಲೆ ಬೆಟ್ಟಕ್ಕೆ ಏರಿಸಿದರು ಅಂತ ಆ ಕಡೆಯ ಹೇಳಿಕೆ. 1432ರ ಶಾಸನದಲ್ಲಿ ವೀರಪಾಂಡ್ಯನ ಹೆಸರಿದೆ. 1973ರಲ್ಲಿ ಅದೇ ಕಾರ್ಕಳದಿಂದ, ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕೆತ್ತಿದ 39 ಅಡಿಯ ಬಾಹುಬಲಿ ಧರ್ಮಸ್ಥಳಕ್ಕೆ ರಸ್ತೆಯ ಮೇಲೆ ಹೋದ. ದಾರಿಯುದ್ದಕ್ಕೂ ಜನ ಸೇರಿ ನೋಡಿದರು. ಯಾವ ತಿರುವಿನಲ್ಲಿ ಯಾರು 'ಈ ಕಡೆ ಬೇಡ' ಅಂದರೋ, ಯಾರು ಓಡಿ ಹೋಗಿ ಚಕ್ರದ ಕೆಳಗೆ ಬೆಣೆ ಕೊಟ್ಟರೋ, ಅದು ಅಲ್ಲಿದ್ದವರ ನೆನಪಿನ ಜೊತೆ ಹೋಗುತ್ತೆ.

ಕಾರ್ಖಾನೆಗೆ ತಿದ್ದುಪಡಿ ಬರೆಯೋಕೆ ಕೂತೆ. 'ಮೇಸ್ತ್ರಿ ದಾರಿ ಬದಲಿಸಿದರು' ಅಂತ ಬರೆದರೆ ನಿಜ, ಆದರೆ ಅವರ ಕೆಲಸ ಹೋಗುತ್ತೆ. 'ನಾನು ದಾರಿ ಬದಲಿಸಿದೆ' ಅಂದರೆ ಕಳ್ಳತನ. ಕೊನೆಗೆ ನಮ್ಮ ಕಚೇರಿ ಕನ್ನಡ ಕೈಹಿಡಿಯಿತು: 'ಸ್ಥಳದ ಪರಿಸ್ಥಿತಿಯನ್ನು ಪರಿಗಣಿಸಿ ಮಾರ್ಗವನ್ನು ಬದಲಾಯಿಸಲಾಗಿತ್ತು.' ಲಾಗಿತ್ತು. ಯಾರಿಂದ ಅಂತ ಕೇಳೋಕೆ ಜಾಗವೇ ಇಲ್ಲದ ಕ್ರಿಯಾಪದ. ಸರ್ಕಾರದ ಕಾಗದಗಳಲ್ಲಿ ಅದನ್ನು ನೋಡಿದಾಗೆಲ್ಲ ಗೇಲಿ ಮಾಡ್ತಿದ್ದವನು ನಾನು. ಯಾರನ್ನೋ ಕಾಪಾಡೋಕೂ ಅದು ಬೇಕಾಗುತ್ತೆ ಅಂತ ಅವತ್ತು ಗೊತ್ತಾಯಿತು. ಅದರ ಮರೆಯಲ್ಲಿ ನಾನೂ ಬಚ್ಚಿಟ್ಟುಕೊಂಡೆ ಅನ್ನೋದನ್ನೂ ಹೇಳಿಬಿಡಬೇಕು. ಕಾರ್ಖಾನೆಯವರು ನನ್ನ ಮುಂಜಾಗ್ರತೆಯನ್ನು ಮೆಚ್ಚಿ ಪತ್ರ ಕಳಿಸಿದರು. ಫೈಲಿನಲ್ಲಿದೆ.

ಮೇಸ್ತ್ರಿಗೆ ಪತ್ರದ ವಿಷಯ ಹೇಳಿದೆ. 'ಒಳ್ಳೇದಾಯ್ತು ಸಾರ್' ಅಂದರು. ಅದರಲ್ಲಿ ವ್ಯಂಗ್ಯ ಇತ್ತಾ ಅಂತ ಎಷ್ಟು ಹುಡುಕಿದರೂ ಸಿಗಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ನನ್ನ ಪ್ಲಾನುಗಳ ಕೊನೆಯಲ್ಲಿ ಒಂದು ಖಾಲಿ ಹಾಳೆ ಇಡ್ತೀನಿ, ಸೈಟಿನಲ್ಲಿ ಏನೇನು ಬದಲಾಯಿತು ಅಂತ ಬರೆಯೋಕೆ. ಹೆಚ್ಚಿನ ಸಲ ಖಾಲಿಯೇ ವಾಪಸು ಬರುತ್ತೆ. ಬರೆದರೆ ಯಾರ ಕೆಲಸಕ್ಕೂ ಕುತ್ತಿಲ್ಲ ಅಂತ ಬಾಯಲ್ಲಿ ಹೇಳ್ತೀನಿ, ಆದರೆ ಕೂಲಿ ಕೊಡುವವನು ನಾನಲ್ಲವಲ್ಲ. ಪ್ಲಾನ್ ಬರೆಯುವ ಮೊದಲು ಮೇಸ್ತ್ರಿಯ ಜೊತೆ ಒಂದು ಸುತ್ತು ಬರೋದನ್ನೂ ಅಭ್ಯಾಸ ಮಾಡಿಕೊಂಡಿದ್ದೀನಿ. ಅದಕ್ಕೆ ದಿನಗಟ್ಟಲೆ ಹಿಡಿಯುತ್ತೆ ಅಂತ ಆಫೀಸಿನಲ್ಲಿ ಗೊಣಗಾಟ ಇದೆ.

ಹೋದ ತಿಂಗಳು ಪೀಣ್ಯದ ಒಂದು ಶೆಡ್ಡಿನಲ್ಲಿ ಅದೇ ಮೇಸ್ತ್ರಿ ಸಿಕ್ಕಿದ್ದರು. ಹಾರೆ ಇಸಕೊಂಡು ನಾನೂ ಕುಟ್ಟಿ ನೋಡಿದೆ. 'ಏನ್ ಕೇಳಿಸ್ತು ಸಾರ್?' ಅಂದರು. ಎರಡು ಕಡೆ ಕುಟ್ಟಿದೆ, ನಾಲ್ಕು ಕಡೆ ಕುಟ್ಟಿದೆ. ನನಗೆ ಎಲ್ಲ ಒಂದೇ ಥರ ಕೇಳಿಸುತ್ತಿತ್ತು. ಅದನ್ನೇ ಹೇಳಿದೆ. ಅವರು ಹಾರೆ ವಾಪಸು ತಗೊಂಡು, ಬಾಗಿಲ ಕಡೆಯಿಂದ ಮತ್ತೆ ಶುರು ಮಾಡಿದರು. ನಾನು ಚಾಕ್‌ಪೀಸ್ ಹಿಡಿದುಕೊಂಡು ಹಿಂದೆ ಹೋದೆ, ಅವರು ಹೇಳಿದ ಕಡೆ ಗುರುತು ಹಾಕ್ತಾ.