ಮದುವೆಯ ಉಡುಪು ಮತ್ತು ಸೂಜಿಯ ಕಾಯಕ



ಮನೆಯಲ್ಲಿ ಮದುವೆ ನಿಶ್ಚಯವಾದೊಡನೆ ಜವಳಿಯ ಮಾತು ಏಳುವುದು ಸಹಜ. ಆಗ ವಧುವಿನ ಸೋದರತ್ತೆಯು, "ಗುಳೇದಗುಡ್ಡದ ಖಣದಲ್ಲಿ ನನ್ನ ಕುಪ್ಪಸವನ್ನು ನಾನೇ ಹೊಲಿದುಕೊಳ್ಳುವೆನು, ಇಳಕಲ್ಲ ಸೀರೆಗೆ ಕಸೂತಿಯನ್ನೂ ನಾನೇ ಹಾಕುವೆನು" ಎಂದಳೆಂದು ಭಾವಿಸಿರಿ. ಒಬ್ಬರು "ದುಡ್ಡಿಗೇನು ಕೊರತೆ?" ಎನ್ನುವರು. ಇನ್ನೊಬ್ಬರು "ನಾಲ್ವರೆದುರು ಮೆರೆಯುವ ಆಸೆ" ಎನ್ನುವರು. ಮತ್ತೊಬ್ಬರು "ದರ್ಜಿಯ ಅನ್ನಕ್ಕೆ ಕಲ್ಲು ಹಾಕಬಹುದೇ?" ಎನ್ನುವರು. ಮೊದಲನೆಯದು ಬರಿಯ ಲೋಕದ ಮಾತು. ಉಳಿದೆರಡು ಧರ್ಮವನ್ನು ಮುಟ್ಟುವ ಪ್ರಶ್ನೆಗಳಾದುದರಿಂದ ವಿಚಾರಕ್ಕೆ ಅರ್ಹವಾಗಿವೆ.

ಮೆರೆಯುವ ಆಸೆಯ ಮಾತಿಗೆ ಕಸೂತಿಯೇ ಉತ್ತರ ಹೇಳಬಲ್ಲದು. ಅದರಲ್ಲಿ ಗವಂತಿ ಎಂಬ ಹೊಲಿಗೆಯುಂಟು. ಬಟ್ಟೆಯ ಎಳೆಗಳನ್ನು ಎಣಿಸುತ್ತ ದಾರವು ಎಡೆ ಬಿಟ್ಟು ಸಾಗುತ್ತದೆ; ಬಂದ ದಾರಿಯಲ್ಲೇ ಹಿಂದಿರುಗಿ, ಬಿಟ್ಟ ಎಡೆಗಳನ್ನು ತುಂಬುತ್ತದೆ. ಗಂಟು ಹಾಕುವುದಿಲ್ಲ. ಆದುದರಿಂದಲೇ ಅದರ ಮೇಲ್ಮೈ ಹೇಗೋ ಒಳಮೈಯೂ ಹಾಗೆಯೇ. ಹೊಲಿದವಳು ತನ್ನ ಮನಸ್ಸನ್ನೂ ಹೀಗೆ ಮಗುಚಿ ನೋಡಿಕೊಳ್ಳಲಿ. ಇದನ್ನು ಹೊಲಿದವರಾರೆಂದು ಮದುವೆಯಲ್ಲಿ ಒಬ್ಬರೂ ಕೇಳದೆ ಹೋದರೆ ಆಕೆಯ ಸಂತೋಷ ಕುಂದುವುದೇ? ಕುಂದುವುದಾದರೆ ಒಳಗೆಲ್ಲೋ ಗಂಟೊಂದು ಉಳಿದಿದೆ. ಕುಂದದಿದ್ದರೆ ಪರರ ಆಕ್ಷೇಪಕ್ಕೆ ಅಂಜಬೇಕಾಗಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ಗಹನವಾದುದು. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಗಳೊಬ್ಬರು. ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರ ಕಾಯಕಕ್ಕಿಂತ ಅವರ ಸೂಜಿ ಕೀಳೆಂದು ಶರಣರು ಎಣಿಸಲಿಲ್ಲ. ಸತ್ಯದಿಂದ ದುಡಿದು, ಬಂದುದನ್ನು ದಾಸೋಹಕ್ಕೆ ಸಲ್ಲಿಸಿದಾಗ ಮಾತ್ರ ದುಡಿಮೆಯು ಕಾಯಕವೆನಿಸುತ್ತದೆ. ಈ ಅಳತೆಗೋಲಿನಿಂದ ಅಳೆದರೆ ತನ್ನ ಉಡುಪನ್ನು ತಾನು ಹೊಲಿದುಕೊಳ್ಳುವುದು ಕಾಯಕವಾಗದು. ಅದಕ್ಕೆ ಇಲ್ಲದ ಹಿರಿಮೆಯನ್ನು ಆರೋಪಿಸುವುದು ಬೇಡ.

ಆದರೂ ಅದರಿಂದ ಒಂದು ಅರಿವು ಲಭಿಸುತ್ತದೆ. ಖಣದ ಅಂಚು ತೋಳಿನ ತುದಿಗೆ ಸರಿಯಾಗಿ ಬರುವಂತೆ ಕತ್ತರಿಸಬೇಕು. ಕತ್ತರಿ ತಪ್ಪಿದರೆ ಬಟ್ಟೆ ಹಾಳು. ತೋಳು ಸೊಟ್ಟಗೆ ಕುಳಿತರೆ ಬಿಚ್ಚಿ ಮತ್ತೆ ಹೊಲಿಯಬೇಕು. ಹೀಗೆ ನಾಲ್ಕು ರಾತ್ರಿ ದೀಪದ ಕೆಳಗೆ ಕಣ್ಣು ನೋಯಿಸಿಕೊಂಡವಳಿಗೆ ದರ್ಜಿಯ ಒಂದು ದಿನದ ಬೆಲೆ ತಿಳಿಯುತ್ತದೆ. ಆಮೇಲೆ ಅವಳು ಹತ್ತು ರೂಪಾಯಿಗಾಗಿ ಅವನೊಡನೆ ಚೌಕಾಸಿ ಮಾಡಲಾರಳು. ಮದುವೆಯ ಹಿಂದಿನ ದಿನ ಬಟ್ಟೆಯನ್ನು ಎಸೆದು "ನಾಳೆ ಬೆಳಗಿಗೆ ಬೇಕು" ಎನ್ನಲಾರಳು. ದರ್ಜಿಗೆ ಒಂದು ಕುಪ್ಪಸದ ಕೂಲಿ ತಪ್ಪಿತು, ನಿಜ. ಆದರೆ ಅವನ ಶ್ರಮವನ್ನು ಬಲ್ಲ ಒಂದು ಮನೆ ಅವನಿಗೆ ದೊರಕಿತು.

ದರ್ಜಿಗೆ ನಿಜವಾಗಿ ಅನ್ಯಾಯವಾಗುವುದು ಬೇರೆಡೆಯಲ್ಲಿ. ಹತ್ತಾರು ಉಡುಪುಗಳನ್ನು ಹೊಲಿಸಿಕೊಂಡು, "ಮದುವೆಯ ಗದ್ದಲ ಮುಗಿಯಲಿ, ಕೊಟ್ಟರಾಯಿತು" ಎಂದು ಅವನನ್ನು ತಿಂಗಳುಗಟ್ಟಲೆ ಅಲೆದಾಡಿಸುವವರು ನಮ್ಮಲ್ಲಿಲ್ಲವೇ? ಮಂಟಪದ ಹೂವಿಗೆ ಮುಂಗಡ ಕೊಡುವ ಕೈ, ಸೂಜಿ ಹಿಡಿದವನ ಕೂಲಿಗೆ ಏಕೆ ಹಿಂಜರಿಯಬೇಕು?

ಆದುದರಿಂದ ಭಕ್ತರೇ, ಹೊಲಿಯಬಲ್ಲವರು ಸಂಕೋಚವಿಲ್ಲದೆ ಹೊಲಿದುಕೊಳ್ಳಿರಿ. ಹೊಲಿಸುವವರು ಸಂತೋಷದಿಂದ ಹೊಲಿಸಿರಿ. ವಧೂವರರ ಮೇಲೆ ಅಕ್ಷತೆ ಬೀಳುವ ಮುನ್ನ ಹೊಲಿದವನ ಕೂಲಿ ಅವನ ಕೈ ಸೇರಿರಲಿ.