14 ಕೋಟಿ ಯಾರದು?

ಆಟಗಾರರ ಹರಾಜಿನ ದಿನ ಹತ್ತಿರವಾಯಿತೆಂದರೆ ಪೀಣ್ಯದ ಕಾರ್ಖಾನೆ ಗೇಟುಗಳೆದುರಿನ ಚಹಾದಂಗಡಿಗಳಲ್ಲಿ, ವೈಟ್‌ಫೀಲ್ಡಿನ ಪಿಜಿಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಕಂಪೆನಿ ಬಸ್ಸುಗಳಲ್ಲಿ ನಮಗೆಲ್ಲ ಒಂದೇ ಮಾತು. ಇಂಥವನನ್ನು ನಮ್ಮ ತಂಡ ಕೊಳ್ಳಬೇಕೋ ಬೇಡವೋ? ಆಟ ಬಲ್ಲವನೇ, ಆದರೆ ಮೊಣಕಾಲು ಸರಿಯಿಲ್ಲ. ಹಿಂದೆ ಸಿಡಿಲಿನಂತಿದ್ದ, ಈಗ ಎರಡು ವರ್ಷದಿಂದ ಮಂಕು. ಕೊಂಡರೆ ಕಪ್ ಬಂದೀತು, ಇಲ್ಲವೇ ಹಣವೆಲ್ಲ ನೀರಿಗೆ ಹೋದೀತು. ಒಂದು ಕಾಲಕ್ಕೆ ಹಾಕಿಯ ಊರೆಂದೂ ಹೆಸರಾಗಿದ್ದ ಬೆಂಗಳೂರಿನಲ್ಲಿ ಈ ಚರ್ಚೆ ಹಾಕಿಯ ಬಗ್ಗೆಯೂ ನಡೆಯಬಹುದಿತ್ತು. ಆದರೆ 2024ರ ಕೊನೆಯಲ್ಲಿ ಮತ್ತೆ ಆರಂಭವಾದ ಹಾಕಿ ಇಂಡಿಯಾ ಲೀಗಿನ ಎಂಟು ತಂಡಗಳಲ್ಲಿ ನಮ್ಮೂರಿನದೊಂದೂ ಇರಲಿಲ್ಲ. ಹಾಗಾಗಿ ವಾದವೆಲ್ಲ ಕ್ರಿಕೆಟ್ಟಿಗೇ ಮೀಸಲು.

ಈ ವಾದ ಬರೀ ಹರಟೆ ಎಂದು ತಳ್ಳಿಹಾಕುವವರಿದ್ದಾರೆ. ನಮಗೆ ಹಾಗೆನಿಸುವುದಿಲ್ಲ. ಒಬ್ಬ ಮನುಷ್ಯನನ್ನು ತೂಗಿ, ಅವನಿಗೆ ಬೆಲೆ ಕಟ್ಟಿ, ಲಾಭ ನಷ್ಟ ಲೆಕ್ಕ ಹಾಕುವಾಗ ನಾವು ಯಾವ ತಕ್ಕಡಿಯನ್ನು ಬಳಸುತ್ತೇವೆ ಎಂಬುದು ನೀತಿಯ ಪ್ರಶ್ನೆಯೇ ಹೌದು. ನಮ್ಮ ಮಾತನ್ನೇ ಸ್ವಲ್ಪ ಕಿವಿಗೊಟ್ಟು ಕೇಳಿದರೆ ಸಾಕು. ‘ವೇಸ್ಟ್’, ‘ದಂಡ’, ‘ಇವನನ್ನು ಬಿಟ್ಟು ಬೇರೊಬ್ಬನನ್ನು ತೊಗೊಳ್ಳಿ’. ಪೀಣ್ಯದ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಹನ್ನೊಂದು ತಿಂಗಳ ಗುತ್ತಿಗೆಯ ಮೇಲೆ ದುಡಿಯುವವನು, ಪ್ರಾಜೆಕ್ಟ್ ಸಿಗದೆ ಬೆಂಚಿನಲ್ಲಿ ಕುಳಿತು ಅಪ್ರೈಸಲ್‌ಗೆ ಹೆದರುವ ಹುಡುಗ, ಇವರಿಬ್ಬರೂ ತಮ್ಮ ಬಗ್ಗೆ ಮೇಲಿನವರ ಬಾಯಲ್ಲಿ ಕೇಳಿದ ಮಾತುಗಳೇ ಅವು. ಸಂಜೆ ಟೀವಿಯೆದುರು ಕುಳಿತಾಗ ಅವನ್ನೇ ಆಟಗಾರನ ಮೇಲೆ ಎಸೆಯುತ್ತೇವೆ.

ಎಲ್ಲ ‘ರಿಸ್ಕ್’ ಒಂದೇ ಬಗೆಯದಲ್ಲ. 2011ರ ಜನವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಐಪಿಎಲ್ ಹರಾಜಿನಲ್ಲಿ ಕ್ರಿಸ್ ಗೇಲ್ ಅವರನ್ನು ಯಾವ ತಂಡವೂ ಕೊಳ್ಳಲಿಲ್ಲ. ಆ ಏಪ್ರಿಲ್‌ನಲ್ಲಿ ರಾಯಲ್ ಚಾಲೆಂಜರ್ಸ್‌ನ ಬೌಲರ್ ಡರ್ಕ್ ನ್ಯಾನೆಸ್ ಗಾಯಗೊಂಡು ಹೊರಬಿದ್ದಾಗ ಬದಲಿಯಾಗಿ ಗೇಲ್ ಬಂದರು. ಮೊದಲ ಪಂದ್ಯದಲ್ಲೇ ಕೋಲ್ಕತ್ತಾದ ಮೇಲೆ 55 ಎಸೆತಗಳಲ್ಲಿ ಔಟಾಗದೆ 102, ಆ ಋತುವಿನಲ್ಲಿ ಒಟ್ಟು 608 ರನ್. ಯಾರಿಗೂ ಬೇಡವಾಗಿದ್ದವನು ತಂಡವನ್ನು ಫೈನಲ್‌ವರೆಗೆ ಒಯ್ದ. ಇಲ್ಲಿ ಸೋತಿದ್ದರೆ ಯಾರ ಮನೆಯ ಒಲೆಯೂ ಆರುತ್ತಿರಲಿಲ್ಲ. ಇಂಥ ಸಾಹಸದ ಬಗ್ಗೆ ತಕರಾರೆತ್ತಲು ಏನಿದೆ?

2014ರ ಕತೆ ಬೇರೆ. ಆ ಫೆಬ್ರವರಿಯಲ್ಲಿ ಮತ್ತೆ ಬೆಂಗಳೂರಿನಲ್ಲೇ ಹರಾಜು. ಯುವರಾಜ್ ಸಿಂಗ್ ಅವರನ್ನು ನಮ್ಮ ತಂಡ 14 ಕೋಟಿ ರೂಪಾಯಿಗೆ ಕೊಂಡಿತು. 2011ರ ವಿಶ್ವಕಪ್ಪಿನ ಶ್ರೇಷ್ಠ ಆಟಗಾರ, 2012ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಅದೇ ಸೆಪ್ಟೆಂಬರಿನಲ್ಲಿ ಮೈದಾನಕ್ಕೆ ಮರಳಿದವರು. ಹರಾಜಿನ ಹೊತ್ತಿಗೆ ಭಾರತದ ಏಕದಿನ ತಂಡದಿಂದ ಕೈಬಿಡಲಾಗಿತ್ತು. ನಮ್ಮಲ್ಲಿ ಎರಡು ಪಂಗಡವಾಯಿತು. ರೋಗವನ್ನೇ ಗೆದ್ದವನು ಬೌಲರ್‌ಗಳಿಗೆ ಹೆದರುತ್ತಾನೆಯೇ ಎಂದು ಕೆಲವರು. ಕರುಣೆ ಬೇರೆ, ತಂಡ ಬೇರೆ ಎಂದು ಉಳಿದವರು. ಏಪ್ರಿಲ್ 6ರಂದು ಢಾಕಾದಲ್ಲಿ ಟಿ20 ವಿಶ್ವಕಪ್ ಫೈನಲ್. ಯುವರಾಜ್ 21 ಎಸೆತಗಳಲ್ಲಿ 11 ರನ್ ಮಾಡಿದರು, ಭಾರತ ಸೋತಿತು, ಚಂಡೀಗಢದ ಅವರ ಮನೆಗೆ ಕಲ್ಲು ಬಿತ್ತು. ಹತ್ತು ದಿನದಲ್ಲಿ ಐಪಿಎಲ್ ಆರಂಭ. ‘ನಮ್ಮ 14 ಕೋಟಿ ಹೋಯಿತು’ ಎಂದು ನಾವು ತಲೆ ಚಚ್ಚಿಕೊಂಡೆವು.

ನಮ್ಮ 14 ಕೋಟಿ! ಅದರಲ್ಲಿ ಒಂದು ರೂಪಾಯಿಯಾದರೂ ನಮ್ಮದಿತ್ತೇ? ಸರಿ, ಅದು ಪ್ರೀತಿಯಿಂದ ಆಡಿದ ಮಾತು, ಬಿಡೋಣ. ಆದರೆ ಆ ಹಣದ ಮೇಲೆ ನಮಗಿಂತ ಹೆಚ್ಚು ಹಕ್ಕಿನಿಂದ ಮಾತಾಡಬಲ್ಲವರು ಆಗ ಮಾತಾಡಿದರು. ತಂಡದ ಮುಖ್ಯಸ್ಥರಾಗಿದ್ದ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಿಂದ ಹಾರಾಟ ನಿಲ್ಲಿಸಿತ್ತು. ಅದರ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಅವರು 2014ರಲ್ಲಿ ಯುವರಾಜ್‌ಗೆ ಬಹಿರಂಗ ಪತ್ರ ಬರೆದು, ಈ ತಂಡಕ್ಕೆ ಆಡಬೇಡಿ ಎಂದು ಕೇಳಿಕೊಂಡರು. ವಿಮಾನದ ಎಂಜಿನ್ ನೋಡಿಕೊಳ್ಳುತ್ತಿದ್ದವರು, ಟಿಕೆಟ್ ಕೌಂಟರಿನಲ್ಲಿ ನಿಲ್ಲುತ್ತಿದ್ದವರು, ಸಾಮಾನು ಹೊರುತ್ತಿದ್ದವರು ಇದ್ದ ಕಂಪೆನಿ ಅದು. ಪತ್ರಿಕೆಗಳಲ್ಲಿ ಸುದ್ದಿ ಬಂತು. ನಮ್ಮ ಚಹಾದಂಗಡಿಯ ಚರ್ಚೆಯೊಳಗೆ ಮಾತ್ರ ಅದು ಬರಲಿಲ್ಲ. ಸ್ಟ್ರೈಕ್ ರೇಟ್ ಬಂತು, ಎಡಗೈ ಸ್ಪಿನ್ ಬಂತು, ನಾಲ್ಕನೇ ಕ್ರಮಾಂಕವೋ ಐದನೆಯದೋ ಎಂಬುದು ಬಂತು.

ಕಾನೂನಿನ ಕಣ್ಣಿಗೆ ವಿಮಾನದ ಕಂಪೆನಿ ಬೇರೆ, ತಂಡ ನಡೆಸುವ ಕಂಪೆನಿ ಬೇರೆ. ಒಂದರ ಸಾಲವನ್ನು ಇನ್ನೊಂದರ ಜೇಬಿನಿಂದ ವಸೂಲು ಮಾಡಲಾಗದು. ವಕೀಲರು ಇದನ್ನು ಸರಿಯಾಗಿಯೇ ಹೇಳುತ್ತಾರೆ. ಯುವರಾಜ್ ಅವರನ್ನು ದೂರುವುದಂತೂ ಅನ್ಯಾಯ. ಕಾಯಿಲೆಯಿಂದೆದ್ದು ಬಂದ ದುಡಿಮೆಗಾರನೊಬ್ಬ ತನಗೆ ಸಿಕ್ಕ ಕೆಲಸವನ್ನು ಒಪ್ಪಿಕೊಂಡ, ಅಷ್ಟೆ. ಅವರು ಆಡಿದರು ಕೂಡ. 14 ಪಂದ್ಯಗಳಲ್ಲಿ 376 ರನ್. ರಾಜಸ್ಥಾನದ ವಿರುದ್ಧ 38 ಎಸೆತಗಳಲ್ಲಿ 83 ಹೊಡೆದು, ನಾಲ್ಕು ವಿಕೆಟ್ ಕಿತ್ತು, ಆದರೂ ತಂಡ ಸೋತ ಪಂದ್ಯವನ್ನು ನಾವು ಮರೆತಿಲ್ಲ. ಎಂಟು ತಂಡಗಳಲ್ಲಿ ಏಳನೆಯದಾಗಿ ಋತು ಮುಗಿಯಿತು, ಅವರನ್ನು ಬಿಟ್ಟುಕೊಡಲಾಯಿತು, ಮುಂದಿನ ವರ್ಷ ದೆಹಲಿ 16 ಕೋಟಿಗೆ ಕೊಂಡಿತು. ಮಲ್ಯ 2016ರ ಮಾರ್ಚಿನಲ್ಲಿ ದೇಶ ಬಿಟ್ಟರು.

ಕಾನೂನಿನಲ್ಲಿ ಕಂಪೆನಿಗಳು ಬೇರೆಬೇರೆ ಇರಬಹುದು, ನೀತಿಯಲ್ಲಿ ಯಜಮಾನ ಒಬ್ಬನೇ. ಕೊಡಲು ಶಕ್ತಿಯುಳ್ಳವನು ಸಾಲ ತೀರಿಸುವುದನ್ನು ಮುಂದೂಡುವುದು ಅಕ್ರಮ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ಸಾಲ ಉಳಿಸಿ ತೀರಿಹೋದವನ ಜನಾಝ ನಮಾಝಿಗೆ ಸ್ವತಃ ನೇತೃತ್ವ ನೀಡಲು ಅವರು ಹಿಂಜರಿದರು, ಒಬ್ಬ ಅನುಚರರು ಆ ಸಾಲದ ಹೊಣೆ ಹೊತ್ತ ಮೇಲೆಯೇ ಮುಂದೆ ಬಂದರು. ದುಡಿಸಿಕೊಂಡ ಮೇಲಿನ ಕೂಲಿ ಎಲ್ಲಕ್ಕಿಂತ ಮೊದಲ ಸಾಲ. ಅದನ್ನು ಬಾಕಿಯಿಟ್ಟು ಹರಾಜಿನಲ್ಲಿ ಕೈಯೆತ್ತುವವನು ತನ್ನ ಹಣವನ್ನು ಅಪಾಯಕ್ಕೆ ಒಡ್ಡುತ್ತಿಲ್ಲ. ಅಪಾಯವನ್ನು ಹೊತ್ತವರು ಬೇರೆ ಇದ್ದಾರೆ, ಅವರನ್ನು ಯಾರೂ ಕೇಳಿಲ್ಲ.

ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಸೂತ್ರವಿದೆ. ನಷ್ಟದ ಹೊಣೆ ಯಾರ ಮೇಲಿದೆಯೋ ಲಾಭವೂ ಅವರಿಗೇ. ಇದರ ಮೂಲ ಪ್ರಸಂಗ ವಿಚಿತ್ರವಾಗಿ ನಮ್ಮ ವಿಷಯಕ್ಕೆ ಹತ್ತಿರವಾಗಿದೆ. ಒಬ್ಬ ಒಬ್ಬ ಗುಲಾಮನನ್ನು ಕೊಂಡ, ಕೆಲಸ ಮಾಡಿಸಿಕೊಂಡ, ಆಮೇಲೆ ಅವನಲ್ಲೊಂದು ಕೊರತೆ ಕಂಡು ಹಿಂದಿರುಗಿಸಿದ. ಅಷ್ಟು ದಿನದ ಸಂಪಾದನೆ ನನ್ನದು ಎಂದು ಮಾರಿದವನ ವಾದ. ಆ ದಿನಗಳಲ್ಲಿ ಹೊಣೆ ಕೊಂಡವನ ಮೇಲಿತ್ತು, ಆದ್ದರಿಂದ ಸಂಪಾದನೆಯೂ ಅವನದೇ ಎಂದು ತೀರ್ಪಾಯಿತು. ಕೋಟಿ ಪಡೆಯುವ ಆಟಗಾರನನ್ನು ಗುಲಾಮನಿಗೆ ಹೋಲಿಸುವುದು ಅತಿರೇಕ. ಹರಾಜಿಗೆ ಹೆಸರು ಕೊಡುವವನು ಅವನೇ. ಸೂತ್ರದ ತಿರುಳು ಮಾತ್ರ ಎಲ್ಲ ಕಾಲಕ್ಕೂ ಅನ್ವಯಿಸುತ್ತದೆ. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ ಕೂಡಿದ ಮುದಾರಬ ವ್ಯಾಪಾರದಲ್ಲಿಯೂ ಹೀಗೆಯೇ. ನಷ್ಟವಾದರೆ ಹಣ ಹೋಗುವುದು ಬಂಡವಾಳಗಾರನದು, ದುಡಿದವನ ಶ್ರಮ ಹೋಗುತ್ತದೆ. ಅವನು ಕೆಲಸದಲ್ಲಿ ಉಪೇಕ್ಷೆ ಮಾಡದಿದ್ದರೆ ಹಣದ ನಷ್ಟವನ್ನೂ ಅವನ ತಲೆಗೆ ಕಟ್ಟುವಂತಿಲ್ಲ.

ನಮ್ಮ ಈ ಹೊರವಲಯದಲ್ಲೇ ಇದಕ್ಕೆ ಹತ್ತಿರವಾದ ಒಂದು ಪದ್ಧತಿಯಿತ್ತು. ವೈಟ್‌ಫೀಲ್ಡಿಗೆ ಹೋಗುವ ದಾರಿಯ ದೂರವಾಣಿನಗರದ ಐ.ಟಿ.ಐ., ಎಚ್.ಎ.ಎಲ್. ತಮ್ಮ ಫುಟ್‌ಬಾಲ್ ತಂಡಗಳಿಗೆ ಹುಡುಗರನ್ನು ಸೇರಿಸಿಕೊಂಡಾಗ ಅವರಿಗೆ ಕಾರ್ಖಾನೆಯಲ್ಲಿ ನೌಕರಿ ಕೊಡುತ್ತಿದ್ದವು. ಅದೂ ರಿಸ್ಕೇ. ಇಪ್ಪತ್ತೆರಡನೇ ವಯಸ್ಸಿಗೆ ಮಂಡಿ ಹೋದರೂ ಆ ಹುಡುಗ ಸ್ಟೋರ್ಸ್‌ನಲ್ಲೋ ಟೈಮ್ ಆಫೀಸಿನಲ್ಲೋ ಕುಳಿತು ನಿವೃತ್ತಿಯವರೆಗೆ ಸಂಬಳ ತೆಗೆದುಕೊಳ್ಳಬಹುದಿತ್ತು. ‘ಚೆಂಡು ಒದೆಯುವವನಿಗೆ ಸ್ಪಾನರ್ ಹಿಡಿಯಲು ಬರುವುದಿಲ್ಲ’ ಎಂದು ಪಕ್ಕದ ಮೇಜಿನವರು ಗೊಣಗಿದರೆ ಅದರಲ್ಲಿಯೂ ಸತ್ಯವಿರುತ್ತಿತ್ತು. ಸಂಬಳವೂ ಅಷ್ಟಕ್ಕಷ್ಟೆ. ಹಾಗಂತ ಆ ಕಾಲವೇ ಚಿನ್ನದ್ದು ಎಂದು ನಾವು ಹೇಳುತ್ತಿಲ್ಲ. ಆದರೆ ಕೊಂಡವನೇ ನಷ್ಟ ಹೊರುತ್ತಿದ್ದ ಎಂಬುದನ್ನು ಒಪ್ಪಲೇಬೇಕು. ಇಂದು ಕಾರ್ಖಾನೆಯ ಒಳಗಿನವರಿಗೇ ಆ ಭರವಸೆ ಇಲ್ಲ, ಆಟಗಾರನ ಪಾಡೇನು?

ಅಭಿಮಾನಿಗಳಾದ ನಮ್ಮ ಪಾಲಿನ ಹೊಣೆ ಏನು ಎಂಬುದು ಉಳಿಯಿತು. ಗೆಲುವಿನ ಸಂತೋಷವಷ್ಟೂ ನಮ್ಮದು, ‘ಈ ಸಲ ಕಪ್ ನಮ್ದೇ’. ಸೂತ್ರದ ಪ್ರಕಾರ ಸೋಲಿನಲ್ಲೂ ನಮಗೊಂದು ಪಾಲಿರಬೇಕಲ್ಲ? ಮೊಹಮ್ಮದ್ ಸಿರಾಜ್ ವಿಷಯದಲ್ಲಿ ಆ ಪಾಲನ್ನು ನಾವು ಹೊರಲಿಲ್ಲ. ಹೈದರಾಬಾದಿನ ಆಟೋ ಚಾಲಕರ ಮಗ, 2018ರಲ್ಲಿ 2.6 ಕೋಟಿಗೆ ಬೆಂಗಳೂರಿಗೆ ಬಂದವರು. 2019ರ ಏಪ್ರಿಲ್‌ನಲ್ಲಿ ಕೋಲ್ಕತ್ತಾ ವಿರುದ್ಧ 205 ರನ್ ಮಾಡಿಯೂ ಸೋತ ರಾತ್ರಿ ಅವರು ಎರಡು ಬೀಮರ್ ಹಾಕಿ ಬೌಲಿಂಗಿನಿಂದ ಹೊರಗಾದರು. ಕ್ರಿಕೆಟ್ ಬಿಟ್ಟು ಅಪ್ಪನ ಜೊತೆ ಆಟೋ ಓಡಿಸು ಎಂದು ಜನ ಹೇಳಿದ್ದನ್ನು ಮುಂದೆ ಸಿರಾಜ್ ಅವರೇ ನೆನಪಿಸಿಕೊಂಡಿದ್ದಾರೆ. ಬೌಲಿಂಗ್ ಕೆಟ್ಟದಿತ್ತು ಎನ್ನಲು ಯಾರದೂ ಅಡ್ಡಿಯಿಲ್ಲ, ಕೆಟ್ಟದ್ದೇ ಇತ್ತು. ಆಟೋ ಎಲ್ಲಿಂದ ಬಂತು? ಅದನ್ನು ಓದಿ ನಕ್ಕ ನಮ್ಮಲ್ಲಿ ಎಷ್ಟು ಜನ, ಅಪ್ಪನ ಆಟೋ ದುಡಿಮೆಯಲ್ಲೇ ಡಿಪ್ಲೊಮಾ ಮುಗಿಸಿ ಪೀಣ್ಯಕ್ಕೆ ಬಂದವರು? ಮರುವರ್ಷ ಅದೇ ಕೋಲ್ಕತ್ತಾ ವಿರುದ್ಧ ನಾಲ್ಕು ಓವರಿನಲ್ಲಿ 8 ರನ್ನಿಗೆ 3 ವಿಕೆಟ್ ಕಿತ್ತರು. ಆ ನವೆಂಬರಿನಲ್ಲಿ ತಂದೆ ತೀರಿಕೊಂಡಾಗ ಅವರು ಆಸ್ಟ್ರೇಲಿಯಾದಲ್ಲಿದ್ದರು, ಊರಿಗೆ ಬರದೆ ಅಲ್ಲೇ ಉಳಿದು ಟೆಸ್ಟ್ ಆಡಿದರು. 2022ಕ್ಕೆ ತಂಡ 7 ಕೋಟಿ ಕೊಟ್ಟು ಉಳಿಸಿಕೊಂಡಿತು.

ಅಭಿಮಾನಿಗೆ ಕಳೆದುಕೊಳ್ಳಲು ಏನೂ ಇಲ್ಲ ಎಂಬ ಮಾತು ಪೂರ್ತಿ ನಿಜವೂ ಅಲ್ಲ. 2025ರ ಜೂನ್ 3ರಂದು ತಂಡ ಮೊದಲ ಸಲ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಆ ಮೆರವಣಿಗೆ, ಆ ಗೇಟು, ಆ ಅವಸರ, ಇವುಗಳ ಅಪಾಯವನ್ನು ತೂಗಿ ನೋಡುವ ಚರ್ಚೆ ಹಿಂದಿನ ರಾತ್ರಿ ನಮ್ಮ ನಡುವೆ ನಡೆಯಲಿಲ್ಲ. ಕಿಂಗ್‌ಫಿಷರ್ ನೌಕರರಂತೆ ಅವರನ್ನೂ ಯಾರೂ ಕೇಳಿರಲಿಲ್ಲ.

2024ರ ನವೆಂಬರಿನ ಹರಾಜಿನಲ್ಲಿ ಸಿರಾಜ್ 12.25 ಕೋಟಿಗೆ ಗುಜರಾತಿನ ಪಾಲಾದರು. ಬಿಟ್ಟದ್ದು ಸರಿಯೋ ತಪ್ಪೋ ಎಂದು ನಾವು ಚಳಿಗಾಲ ಪೂರ್ತಿ ವಾದಿಸಿದೆವು. ಬೆಂಗಳೂರಿನಂಥ ಚಿಕ್ಕ ಮೈದಾನದಲ್ಲಿ ಅವರು ದುಬಾರಿ ಎಂಬುವರ ಬಳಿ ಅಂಕಿಅಂಶಗಳಿದ್ದವು, ಅವು ಸುಳ್ಳೂ ಆಗಿರಲಿಲ್ಲ. 2025ರ ಏಪ್ರಿಲ್ 2ರಂದು ಅದೇ ಚಿನ್ನಸ್ವಾಮಿಯಲ್ಲಿ ಸಿರಾಜ್ ನಮ್ಮ ತಂಡದ ಮೂರು ವಿಕೆಟ್‌ಗಳನ್ನು 19 ರನ್ನಿಗೆ ಕಿತ್ತು ಪಂದ್ಯಶ್ರೇಷ್ಠರಾದರು. ಮರುದಿನ ಬೆಳಗ್ಗೆ ಮೊದಲ ಪಾಳಿಗೆ ಹೋಗುವ ಬಸ್ಸಿನಲ್ಲಿ ಮತ್ತೆ ಅದೇ ವಾದ. ಆಟೋದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.