ಹೊದಿಸಿದ ಕಲ್ಲು, ಮರೆಯಾದ ಗೋಡೆ

ಕಟ್ಟಿ ದಶಕಗಳಾದ ಮನೆಯ ಮುಂಗೋಡೆಗೆ ತೆಳುಗಲ್ಲನ್ನೋ ಇಟ್ಟಿಗೆಯ ಬಿಲ್ಲೆಯನ್ನೋ ಹೊದಿಸುವುದನ್ನು ಕಟ್ಟಡದ ಕೆಲಸದವರು ಕ್ಲ್ಯಾಡಿಂಗ್ ಎನ್ನುತ್ತಾರೆ. ಹೀಗೆ ಹೊದಿಸಿದ ಕಲ್ಲು ತಾರಸಿಯ ಭಾರ ಹೊರುವುದಿಲ್ಲ. ಹೊರುವುದು ಹಿಂದಿರುವ ಗೋಡೆಯೇ. ಮನೆ ಕಲ್ಲಿನದೆಂದು ಕಣ್ಣು ನಂಬುತ್ತದೆ, ನಿಂತಿರುವುದು ಮಾತ್ರ ಇಟ್ಟಿಗೆಯ ಬಲದಿಂದ. ಇದು ಅಸತ್ಯವೇ?

ಇಂಗ್ಲಿಷ್ ಕಲಾವಿಮರ್ಶಕ ಜಾನ್ ರಸ್ಕಿನ್ 1849ರಲ್ಲಿ ವಾಸ್ತುಶಿಲ್ಪದ ಸತ್ಯವನ್ನು ಚರ್ಚಿಸುವಾಗ, ಒಂದು ವಸ್ತುವನ್ನು ಇನ್ನೊಂದರಂತೆ ಬಣ್ಣ ಬಳಿದು ತೋರಿಸುವುದನ್ನು ವಂಚನೆಯೆಂದ. ಇಟ್ಟಿಗೆಗೆ ಅಮೃತಶಿಲೆ ಹೊದಿಸುವುದನ್ನು ಮಾತ್ರ ಒಪ್ಪಿದ, ಅದು ಹೊದಿಕೆಯೆಂದು ಎಲ್ಲರಿಗೂ ತಿಳಿದಿರುತ್ತದೆಂಬ ಕಾರಣಕ್ಕೆ. ಹೊದಿಕೆ ತಾನು ಮುಚ್ಚಿದ ವಸ್ತುವೆಂದು ತೋರಬಾರದೆಂದು ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ 1898ರಲ್ಲಿ ನಿಯಮವನ್ನೇ ಮಾಡಿದ. ಇಬ್ಬರಿಗೂ ಮುಖ್ಯವಾದದ್ದು ನೋಡುವವನಿಗೆ ಮೋಸವಾಗುತ್ತದೆಯೇ ಎಂಬುದು.

ನೋಡುವವನ ಈ ತಪ್ಪನ್ನು ನಮ್ಮ ದರ್ಶನಗಳೂ ಚರ್ಚಿಸಿವೆ. ಶಂಕರರ ಬ್ರಹ್ಮಸೂತ್ರಭಾಷ್ಯ ಆರಂಭವಾಗುವುದೇ ಅಧ್ಯಾಸದ ವಿಚಾರದಿಂದ: ಒಂದರ ಗುಣವನ್ನು ಇನ್ನೊಂದರಲ್ಲಿ ಕಾಣುವುದು. ಆ ತಪ್ಪು ನಡೆಯುವುದು ತಿಳಿಯುವವನ ಬುದ್ಧಿಯಲ್ಲಿ. ಹಾಗೆ ನೋಡಿದರೆ ಕಲ್ಲಿನ ಮೇಲೆ ದೋಷವಿಲ್ಲ. ಮಧ್ವರ ದಾರಿಯಲ್ಲಿ ಹೋದರೆ ಕಲ್ಲೂ ನಿಜ, ಗೋಡೆಯೂ ನಿಜ, ಅವೆರಡರ ಭೇದವೂ ನಿಜ. ಆ ಭೇದವನ್ನು ಮರೆಯದಿದ್ದರೆ ಸಾಕು. ದೇವಾಲಯದ ಆಚಾರ ಇನ್ನೂ ಮುಂದೆ ಹೋಗುತ್ತದೆ. ಮೂಲವಿಗ್ರಹಕ್ಕೆ ಬೆಳ್ಳಿಯ ಕವಚ ತೊಡಿಸುವುದು ಸೇವೆ, ಆದರೆ ಅಭಿಷೇಕಕ್ಕೆ ಅದನ್ನು ಕಳಚಲೇಬೇಕು. ತಿರುಮಲದಲ್ಲಿ ಗುರುವಾರ ಆಭರಣಗಳನ್ನು ತೆಗೆದು, ನಾಮವನ್ನು ಕಿರಿದುಗೊಳಿಸಿ, ಸ್ವಾಮಿಯ ಕಣ್ಣು ಕಾಣುವಂತೆ ಮಾಡುತ್ತಾರೆ. ಅಲಂಕಾರ ಅಲ್ಲಿ ಒಳಗಿರುವುದರ ಅಧೀನ.

ಈ ಅಧೀನತೆಯೇ ಮನೆಗೋಡೆಯ ಪ್ರಶ್ನೆಗೂ ಸರಿಯಾದ ಅಳತೆ. ಹೊದಿಸುವವನ ಮೊದಲ ಋಣ ಮುಚ್ಚಿಹೋಗುವ ಗೋಡೆಗೆ. ದಾರಿಹೋಕನ ಕಣ್ಣಿನದು ಆಮೇಲಿನ ಮಾತು. ಚೆನ್ನೈನ ಟಿ. ನಗರ ಇದಕ್ಕೆ ಒಳ್ಳೆಯ ಉದಾಹರಣೆ. 1920ರ ದಶಕದಲ್ಲಿ ಮಾಂಬಲದ ಕೆರೆಯಂಗಳದಲ್ಲಿ ಎದ್ದು, ಪಿ. ತ್ಯಾಗರಾಯ ಚೆಟ್ಟಿಯವರ ಹೆಸರು ಪಡೆದ ಬಡಾವಣೆ ಅದು. ಅಲ್ಲಿ ಉಳಿದಿರುವ ಹಳೆಯ ಮನೆಗಳ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಮದ್ರಾಸಿನ ಸುಣ್ಣದ ಗಾರೆಯೂ ಹೊದಿಕೆಯೇ. ನುಣ್ಣಗೆ ತಿಕ್ಕಿದಾಗ ಅಮೃತಶಿಲೆಯ ಹಾಗೆ ಹೊಳೆಯುತ್ತಿತ್ತು. ಆದರೆ ಅದು ಗೋಡೆಯ ಸ್ವಭಾವಕ್ಕೆ ಒಗ್ಗಿದ ಹೊದಿಕೆ. ಸುಣ್ಣದ ಗೋಡೆ ತೇವ ಹೀರುತ್ತದೆ, ಮತ್ತೆ ಹೊರಗೆ ಬಿಡುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಸುರಿಯುವ, ವರ್ಷವಿಡೀ ಕಡಲಗಾಳಿ ಬೀಸುವ ಊರಿನಲ್ಲಿ ಗೋಡೆ ಬದುಕುವುದು ಹೀಗೆ. ಅಂಥ ಗೋಡೆಗೆ ಸಿಮೆಂಟಿನ ಅಂಟು ಮೆತ್ತಿ, ಕಲ್ಲಿನ ಮೇಲೆ ನೀರು ತಡೆಯುವ ಸೀಲರ್ ಬಳಿದರೆ ತೇವ ಒಳಗೇ ನಿಲ್ಲುತ್ತದೆ. ಉಪ್ಪು ಹರಳುಗಟ್ಟಿ ಇಟ್ಟಿಗೆ ಪುಡಿಯಾಗುತ್ತದೆ. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಚದರ ಮೀಟರಿಗೆ ಸುಮಾರು 53 ಕಿಲೋ ತೂಗುತ್ತದೆ. ಸಡಿಲಗೊಂಡ ಗಾರೆಯ ಮೇಲೆ ಆ ಭಾರ ಹೇರುವುದು ಗೋಡೆಗೆ ಮಾತ್ರವಲ್ಲ, ಅದರ ಕೆಳಗೆ ನಡೆಯುವವರಿಗೂ ಮಾಡುವ ಅನ್ಯಾಯ.

ಗೋಡೆಗೆ ನಿಷ್ಠವಾದ ಕೆಲಸದ ಕ್ರಮ ಬೇರೆ. ಮೊದಲು ಗೋಡೆಯನ್ನು ತಟ್ಟಿ ನೋಡಿ ಪೊಳ್ಳು ಗಾರೆಯನ್ನು ಕೆತ್ತಿ ತೆಗೆಯಬೇಕು, ತೇವದ ಮೂಲವನ್ನು ಸರಿಪಡಿಸಬೇಕು. ಕಲ್ಲಿನ ಹಿಂದೆ ಗಾಳಿಯಾಡುವ ಸಂದು, ನೀರಿಳಿಯುವ ದಾರಿ, ಕಡಲಗಾಳಿಗೆ ಬೇಗ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಕೊಕ್ಕೆ ಬೇಕು. ಮೂಲೆಯಲ್ಲಿ ಕಲ್ಲಿನ ದಪ್ಪ ಕಾಣುವಂತೆ ಬಿಟ್ಟರೆ ರಸ್ಕಿನ್ನನ ಷರತ್ತೂ ಪೂರೈಸುತ್ತದೆ. ಗೋಡೆ ಅಷ್ಟು ಭಾರ ತಾಳದೆಂದು ತಿಳಿದರೆ ಕಲ್ಲಿನ ಆಸೆ ಬಿಟ್ಟು, ಮತ್ತೆ ಸುಣ್ಣದ ಗಾರೆ ಮಾಡಿಸುವುದೇ ಧರ್ಮ.